ಕಟ್ಟಿಹಾಕಿದ ಕೈಯಲ್ಲಿ ಓಡಿದ ವಾಚು

ವಾಚು ನಾಲ್ಕೂವರೆಗೆ ನಿಂತಿತ್ತು.

ಇನ್ಸ್‌ಪೆಕ್ಟರ್ ಅದನ್ನು ಮುಟ್ಟಲಿಲ್ಲ. ಕಬ್ಬಿಣದ ಬೀರುವಿನ ಮೇಲೆ ಹತ್ತಿಯ ಹಾಸಿನಲ್ಲಿ ಮಲಗಿಸಿದ್ದ ಅದರ ಹತ್ತಿರ ಮುಖ ತಂದು, ಸೆಕೆಂಡಿನ ಮುಳ್ಳು ಅಲ್ಲಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಬೀರುವಿಗೆ ದಫೇದಾರ ಅಂಟಿಸಿದ್ದ ಚೀಟಿ ಹಾಗೇ ಇತ್ತು: ‘ಮುಟ್ಟಬೇಡಿ. ಸೀನಲೂಬೇಡಿ.’

"ಹೋಯ್ತಾ ಮೇಡಂ?" ದಫೇದಾರ ಬಾಗಿಲಿಂದಲೇ ಕೇಳಿದ.

"ಇವತ್ತು ಬೆಳಗಿನ ಜಾವ ನಿಂತಿದೆ. ತಾರೀಕಿನ ಕಿಂಡಿ ನೋಡು, ಇವತ್ತಿನದೇ ತೋರಿಸ್ತಿದೆ."

"ಅಬ್ಬ! ನನ್ನ ಹೆಂಡತಿ ಬಾಣಂತಿಯಾಗಿದ್ದಾಗಲೂ ನಾನು ಇಷ್ಟು ಕಾವಲು ಕಾದಿರಲಿಲ್ಲ."

ಲಾಂಡ್ರಿಯ ಮಾಲೀಕ ಬಾಯ್ಲರ್ ಕೋಣೆಯ ಹಿಂದಿನ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿ ಇದು ನಾಲ್ಕನೆಯ ದಿನ. ತಲೆಯ ಹಿಂದಿನ ಪೆಟ್ಟು ಮೆಟ್ಟಿಲಿಂದ ಆದದ್ದಲ್ಲ ಎಂದು ವೈದ್ಯರು ಖಚಿತವಾಗಿ ಹೇಳಿದ್ದರು. ಯಾವಾಗ ಆಯಿತು ಎಂಬುದಕ್ಕೆ ಮಾತ್ರ ಕೈ ಚೆಲ್ಲಿದ್ದರು. ಆ ಬಾಯ್ಲರನ್ನು ರಜೆಯಲ್ಲೂ ಪೂರ್ತಿ ಆರಿಸುವುದಿಲ್ಲ. ಒಲೆಯ ಪಕ್ಕ ಇಟ್ಟ ಪಾತ್ರೆಯಂತಿದ್ದ ಆ ಜಾಗದಲ್ಲಿ ದೇಹ ತಣ್ಣಗಾದ ಲೆಕ್ಕ ಹಿಡಿಯುವುದು ಹೇಗೆ?

ಉಳಿದದ್ದು ವಾಚು.

ಸೋಮವಾರ ಬೆಳಗ್ಗೆ ಇಸ್ತ್ರಿ ವಿಭಾಗದ ಮೇಸ್ತ್ರಿ ಹೆಂಗಸು ಹೆಣ ನೋಡಿ ಕೂಗಿಕೊಂಡಾಗ, ಮಾಲೀಕನ ಎಡಗೈಯಲ್ಲಿ ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅದರ ಅರ್ಥವನ್ನು ಪೊಲೀಸರಿಗೆ ಹೇಳಿಕೊಟ್ಟವನು ಸತ್ತವನ ತಮ್ಮ.

"ಇದು ಬ್ಯಾಟರಿ ವಾಚಲ್ಲ ಮೇಡಂ, ಆಟೋಮ್ಯಾಟಿಕ್," ಎಂದಿದ್ದ ಅವನು, ಕಣ್ಣೊರೆಸಿಕೊಳ್ಳುತ್ತ. "ಒಳಗೊಂದು ಅರ್ಧಚಂದ್ರದ ಬಿಲ್ಲೆ ಇರುತ್ತೆ. ಕೈ ಆಡಿದಂಗೆಲ್ಲ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತೆ. ಕೈ ನಿಂತರೆ, ಕೂಡಿಟ್ಟ ಶಕ್ತಿ ಮುಗಿಯೋವರೆಗೆ ಓಡುತ್ತೆ, ಆಮೇಲೆ ನಿಲ್ಲುತ್ತೆ. ಪವರ್ ರಿಸರ್ವ್ ಅಂತಾರೆ. ಶನಿವಾರ ಮಧ್ಯಾಹ್ನವೇ ಅಣ್ಣ ಹೋಗಿದ್ದರೆ ಸೋಮವಾರ ಇದು ಓಡ್ತಾ ಇರ್ತಿರಲಿಲ್ಲ."

ಮಾತು ಸರಿಯಾಗಿತ್ತು. ಆದರೆ ಇನ್ಸ್‌ಪೆಕ್ಟರಿಗೆ ಬೇರೆಯವರ ಬಾಯಿಂದ ಬಂದ ಲೆಕ್ಕವನ್ನು ತಾನೇ ಒಮ್ಮೆ ಕೂಡಿ ನೋಡದೆ ನಿದ್ದೆ ಬರುವುದಿಲ್ಲ. ಠಾಣೆಯವರು ಹಿಂದಿನಿಂದ ಅವಳನ್ನು ‘ನಿಧಾನಮ್ಮ’ ಎನ್ನುವುದು ಅದಕ್ಕೇ. ಅವಳಿಗೂ ಅದು ಗೊತ್ತಿತ್ತು.

ಹಾಗಾಗಿ ವಾಚನ್ನು ಅಲುಗಾಡಿಸದೆ ತಂದು ಮಲಗಿಸಿದ್ದಳು. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಅದು ತಾನಾಗಿ ನಿಂತಿತು. ಎರಡೂವರೆಗೆ ಅವಳೇ ಮುಳ್ಳು ಸರಿಮಾಡಿ, ಪಕ್ಕದ ಕೀ ತಿರುಗಿಸಿ ಮತ್ತೆ ಜೀವ ಕೊಟ್ಟಳು. ಹಳೆಯ ವಾಚಿನ ಹಾಗೆ ಇದರ ಕೀ ಕೊನೆಗೆ ಬಿಗಿಯಾಗಿ ನಿಲ್ಲುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಒಳಗೆ ಜಾರುತ್ತ ಹೋಗುತ್ತದೆ. ಆದ್ದರಿಂದ ಬೆರಳು ನೋಯುವಷ್ಟು ತಿರುಗಿಸಿ, ಮತ್ತೆ ಹತ್ತಿಯ ಮೇಲೆ ಮಲಗಿಸಿದ್ದಳು.

ಈಗ ಅದು ನಿಂತಿದೆ. ಅಂದರೆ ಹೊಟ್ಟೆ ತುಂಬ ಕೀ ಕೊಟ್ಟರೆ ಈ ವಾಚು ಮೂವತ್ತೆಂಟು ಗಂಟೆ ಓಡುತ್ತದೆ.

"ಮಂಗಳವಾರ ಎರಡು ಗಂಟೆಯಿಂದ ಹಿಂದಕ್ಕೆ ಎಣಿಸು," ಎಂದಳು.

ದಫೇದಾರ ಬೆರಳು ಮಡಚಿದ, ಬಿಚ್ಚಿದ, ಕೊನೆಗೆ ಫೋನಿನಲ್ಲಿ ಲೆಕ್ಕ ಹಾಕಿದ. "ಭಾನುವಾರ ರಾತ್ರಿ ಹನ್ನೆರಡು ಮೇಡಂ."

"ಹೆಣ ಎತ್ತುವಾಗ ಕೈ ಅಲ್ಲಾಡಿದೆ. ಅದರಿಂದ ಸ್ವಲ್ಪ ಸೇರಿರಬಹುದು. ಒಟ್ಟಿನಲ್ಲಿ ಭಾನುವಾರ ರಾತ್ರಿ ಈ ವಾಚಿನ ಹೊಟ್ಟೆ ತುಂಬಿತ್ತು."

"ಹಾಗಿದ್ರೆ ತಮ್ಮ ಹೇಳಿದ್ದು ಸರಿ. ಭಾನುವಾರ ರಾತ್ರಿವರೆಗೂ ಬದುಕಿದ್ದರು."

ಫೋನು ಹೊಡೆದುಕೊಂಡಿತು. ಮೇಲಧಿಕಾರಿ. ಅವರಿಗೆ ಪೀಠಿಕೆಯ ಅಭ್ಯಾಸವಿಲ್ಲ.

"ಏನಂತೆ ನಿಮ್ಮ ವಾಚು?"

ಅವಳು ಹೇಳಿದಳು.

"ಮತ್ತೇನು? ತಮ್ಮ ಭಾನುವಾರ ಊರಲ್ಲೇ ಇರಲಿಲ್ಲ. ಮಗಳ ಈಜು ಸ್ಪರ್ಧೆಗೆ ಹೋಗಿ ಹೋಟೆಲಲ್ಲಿ ಉಳಿದಿದ್ದ, ಸೋಮವಾರ ಬಂದ. ಸತ್ತವನ ಹೆಂಡತಿ ಮನೇಲಿ ಒಬ್ಬಳೇ. ಮನೆಗೂ ಲಾಂಡ್ರಿಗೂ ಮಧ್ಯೆ ಒಂದೇ ಗೋಡೆ. ಗಂಡ ಮುನಿಸಿಕೊಂಡು ಆಫೀಸಲ್ಲಿ ಮಲಗಿದ್ದ ಅಂತ ಅವಳೇ ಒಪ್ಪಿಕೊಂಡಿದ್ದಾಳೆ. ಸಂಜೆಯೊಳಗೆ ಕರ್ಕೊಂಡು ಬನ್ನಿ."

"ಒಂದು ಸಲ ಮಾತಾಡಿಸಿ ಬರ್ತೀನಿ ಸರ್."

"ಮಾತಾಡಿಸೋಕೆ ಠಾಣೆ ಇದೆಯಲ್ಲ!" ಎಂದು ಅವರು ಫೋನಿಟ್ಟರು.

* * *

ಮಾಲೀಕನ ಹೆಂಡತಿ ಒಗೆಯಲು ಬಂದ ಹೋಟೆಲಿನ ಹರಿದ ಹಾಸುಗಳಿಗೆ ತೇಪೆ ಹಾಕುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಅದು ಅವಳ ಕೆಲಸ. ಕೆಲಸದವರು ರಜೆಯಲ್ಲಿದ್ದರೂ, ಮನೆಯಲ್ಲಿ ಸಾವಾಗಿದ್ದರೂ, ಹೊಲಿಗೆ ಯಂತ್ರದ ಪಕ್ಕದ ರಾಶಿ ಕರಗಿರಲಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತಲೆಯಾಡಿಸಿ ಕೂರಲು ಹೇಳಿದಳು.

"ಸುಮ್ಮನೆ ಕೂತರೆ ತಲೆ ಎಲ್ಲೆಲ್ಲೋ ಓಡುತ್ತೆ," ಎಂದಳು, ಸೂಜಿಗಳನ್ನು ದಿಂಬಿಗೆ ಚುಚ್ಚಿ. "ಕರ್ಕೊಂಡು ಹೋಗೋಕೆ ಬಂದಿರಾ?"

"ಯಾರು ಹೇಳಿದರು?"

"ಮೈದುನ. ‘ಅತ್ತಿಗೆ, ವಕೀಲರನ್ನ ನೋಡಿಡಿ’ ಅಂದ. ಪಾಪ, ನನ್ನ ಬಗ್ಗೆ ಅವನಿಗೆ ಕಾಳಜಿ."

ಮಾತಿನಲ್ಲಿ ಕೊಂಕು ಇತ್ತೋ ಇಲ್ಲವೋ ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ. ಅವಳು ಅಲುಗಾಡದಂತೆ ಚೀಲದಲ್ಲಿ ತಂದಿದ್ದ ವಾಚನ್ನು ತೆಗೆದು ಬಟ್ಟೆಯ ಮೇಲಿಟ್ಟಳು. ಹೆಂಡತಿ ಅದನ್ನು ನೋಡಿದಳು, ಕೈ ಚಾಚಲಿಲ್ಲ.

"ನಿಂತಿದೆಯಲ್ಲ," ಎಂದಳು ಮೆಲ್ಲಗೆ. "ಕೀ ಕೊಡಬೇಕು."

"ಕೀ ಕೊಡೋದಾ? ಇದು ಕೈ ಆಡಿದರೆ ತಾನೇ ಸುತ್ತಿಕೊಳ್ಳೋ ವಾಚು."

"ಕೈ ಆಡಿದರೆ ತಾನೇ?" ಹೆಂಡತಿ ತಲೆಯೆತ್ತಿದಳು. "ಭುಜದ ಆಪರೇಷನ್ ಆದ ಮೇಲೆ ಎಡಗೈನ ಎದೆಗೆ ಕಟ್ಟಿಹಾಕಿದ್ದರಲ್ಲ ಡಾಕ್ಟರು. ನಿಮ್ಮವರೇ ಆ ಪಟ್ಟಿ ಬಿಚ್ಚಿದ್ದು. ಆವತ್ತಿಂದ ವಾಚೂ ರಜೆ ಹಾಕ್ತು. ರಾತ್ರಿ ಹೊತ್ತಿಗೆ ನಿಂತೇಹೋಗೋದು. ‘ನನ್ನ ಹಾಗೇ ಇದಕ್ಕೂ ಮೈಗಳ್ಳತನ ಬಂತು ಕಣೇ’ ಅನ್ನೋರು."

ಆ ಪಟ್ಟಿಯನ್ನು ಠಾಣೆಯಲ್ಲಿ ಎಲ್ಲರೂ ನೋಡಿದ್ದರು. ವಾಚನ್ನೂ ನೋಡಿದ್ದರು. ಎರಡನ್ನೂ ಒಟ್ಟಿಗೆ ನೋಡುವಷ್ಟು ಬುದ್ಧಿ ಯಾರಿಗೂ ಬಂದಿರಲಿಲ್ಲ, ತನಗೂ.

"ಬಲಗೈಯಿಂದ ಅವರೇ ಕೀ ಕೊಟ್ಟುಕೊಳ್ಳಬಹುದಿತ್ತಲ್ಲ?"

"ಎಲ್ಲಿ ಬಂತು! ಬಲಗೈ ಹೆಬ್ಬೆರಳು ಇಸ್ತ್ರಿ ಯಂತ್ರಕ್ಕೆ ಸಿಕ್ಕಿ ಬೆಂದು ಎಷ್ಟೋ ವರ್ಷ ಆಯ್ತು. ಮಡಚೋಕೇ ಬರಲ್ಲ. ಕೀ ಹಿಡಿಯೋಕಾಗಲ್ಲ ಅಂತಲೇ ಈ ಜಾತಿ ವಾಚು ತಗೊಂಡಿದ್ದು. ಗಂಡನ ಅಂಗಿಗೆ ಗುಂಡಿ ಹೊಲಿದುಕೊಡೋಳು ನಾನು. ಈ ಆಪರೇಷನ್ ಆದ ಮೇಲೆ ಅದನ್ನ ಹಾಕಿಕೊಡೋ ಕೆಲಸವೂ ನನ್ನ ತಲೆಗೇ ಬಂತು. ದಿನಾ ಬೆಳಗ್ಗೆ ವಾಚಿಗೆ ಕೀ ಕೊಟ್ಟು, ಮುಳ್ಳು ಸರಿ ಮಾಡಿ, ಕಟ್ಟಿ ಕಳಿಸ್ತಿದ್ದೆ."

"ಎಷ್ಟು ಕೀ ಕೊಡ್ತಿದ್ರಿ?"

"ನಾಲ್ಕಾರು ಸುತ್ತು. ಆ ದಿನಕ್ಕೆ ಸಾಕಲ್ಲ. ಮಾರನೇ ದಿನ ನಾನು ಇದ್ದೇ ಇರ್ತೀನಲ್ಲ ಅಂತ." ಅವಳು ಅಷ್ಟಕ್ಕೇ ನಿಲ್ಲಿಸಿ, ದಾರದ ತುದಿಯನ್ನು ಒದ್ದೆ ಮಾಡಿಕೊಂಡು ಸೂಜಿಯ ಕಣ್ಣಿಗೆ ಹಿಡಿದಳು. ಮೊದಲ ಸಲಕ್ಕೆ ಹೋಗಲಿಲ್ಲ.

"ಶನಿವಾರ?"

"ಶನಿವಾರವೂ ಹಾಗೇ. ಕೀ ಕೊಟ್ಟೆ, ಹತ್ತು ನಿಮಿಷ ಮುಂದೆ ಇಟ್ಟೆ, ಕಟ್ಟಿದೆ."

"ಹತ್ತು ನಿಮಿಷ ಮುಂದೆ?"

"ಅವರಿಗೆ ಯಾವಾಗಲೂ ಹತ್ತು ನಿಮಿಷ ಮುಂದೆ ಇರಬೇಕು. ಲಾರಿ ಡ್ರೈವರುಗಳನ್ನ ಬೈಯೋಕೆ ಅನುಕೂಲ."

ಇನ್ಸ್‌ಪೆಕ್ಟರಿಗೆ ಸೋಮವಾರ ಬೆಳಗ್ಗೆ ನೆನಪಾಯಿತು. ಹೆಣದ ಪಕ್ಕ ಮಂಡಿಯೂರಿ, ತನ್ನ ಫೋನನ್ನು ಆ ವಾಚಿನ ಪಕ್ಕ ಹಿಡಿದಿದ್ದಳು. ಎರಡೂ ಒಂದೇ ಸಮಯ ತೋರಿಸುತ್ತಿದ್ದವು. ನಿಮಿಷವೂ ಆಚೀಚೆ ಇರಲಿಲ್ಲ. ಒಳ್ಳೆಯ ವಾಚು ಎಂದುಕೊಂಡಿದ್ದಳು.

ಅಂದರೆ ಹೆಂಡತಿ ಕಟ್ಟಿ ಕಳಿಸಿದ ವಾಚು ಎಲ್ಲೋ ನಡುವೆ ನಿಂತಿದೆ. ನಿಂತ ಮೇಲೆ ಬೇರೆ ಯಾರೋ ಫೋನು ನೋಡಿಕೊಂಡು ಮುಳ್ಳು ಕೂರಿಸಿ, ಹೊಟ್ಟೆ ತುಂಬ ಕೀ ಕೊಟ್ಟಿದ್ದಾರೆ. ಭಾನುವಾರ ರಾತ್ರಿ.

ಸತ್ತವನಿಗೆ ಅದು ಬೇಕಿರಲಿಲ್ಲ. ಬದುಕಿದ್ದವರಿಗೆ ಬೇಕಿತ್ತು.

"ಒಂದು ಮಾತು," ಎಂದಳು ಏಳುತ್ತ. "ನೀವು ಅವರನ್ನ ಕೊನೆಯ ಸಲ ನೋಡಿದ್ದು?"

"ಶನಿವಾರ. ಹೋಗುವಾಗ ತಿರುಗಿ ಕೂಡ ನೋಡಲಿಲ್ಲ. ಕೋಪ ಬಂದರೆ ಫೋನು ಆರಿಸಿ ಆಫೀಸಲ್ಲೇ ಬಿದ್ದುಕೊಳ್ಳೋರು. ತಾನಾಗಿ ಬರ್ತಾರೆ ಅಂತ ನಾನೂ ಬಿಗುಮಾನ ಮಾಡಿದೆ."

ಈಗ ದಾರ ಸೂಜಿಯೊಳಗೆ ಹೋಯಿತು. ಹೊಲಿಗೆ ಯಂತ್ರ ಮತ್ತೆ ಸದ್ದು ಮಾಡತೊಡಗಿತು.

* * *

ಇನ್ಸ್‌ಪೆಕ್ಟರ್ ದಫೇದಾರನೊಂದಿಗೆ ಹೋದಾಗ ಲಾಂಡ್ರಿಯಲ್ಲಿ ತಮ್ಮ ಒಬ್ಬನೇ ಇದ್ದ. ಮಡಚದೆ ಬಿಟ್ಟ ಬಿಳಿ ಹಾಸುಗಳು ತಂತಿಗಳ ಮೇಲೆ ಸಾಲಾಗಿ ತೂಗುತ್ತಿದ್ದವು. ಸೋಪಿನ ವಾಸನೆ, ಒದ್ದೆ ಸಿಮೆಂಟಿನ ವಾಸನೆ, ಅದರ ಮೇಲೆ ಬಾಯ್ಲರಿನ ಬಿಸಿ. ಅವನು ಹಾಸಿನ ನಡುವಿನಿಂದ ಬಂದು ಎರಡು ಕುರ್ಚಿ ಎಳೆದುಹಾಕಿದ.

"ನಿಂತಿತಾ ಮೇಡಂ ವಾಚು?"

"ನಿಂತಿತು. ನೀವು ಹೇಳಿದ್ದು ಸರಿಯಾಗಿತ್ತು. ಇನ್ನೊಂದು ಸಲ ವಿವರಿಸಿ, ದಫೇದಾರರಿಗೆ ಬರೆದುಕೊಳ್ಳೋಕೆ."

ತಮ್ಮನಿಗೆ ಹುರುಪು ಬಂತು. ಮುಂಗೈ ತಿರುಗಿಸಿ ತೋರಿಸಿದ. "ನೋಡಿ, ಕೈ ಹೀಗೆ ಆಡ್ತಿದ್ದರೆ ಬಿಲ್ಲೆ ತಿರುಗುತ್ತೆ. ದಿನವಿಡೀ ಓಡಾಡೋ ಮನುಷ್ಯನಿಗೆ ಸಂಜೆ ಹೊತ್ತಿಗೆ ಸ್ಪ್ರಿಂಗ್ ಭರ್ತಿ. ರಾತ್ರಿ ಬಿಚ್ಚಿಟ್ಟರೂ ಬೆಳಗ್ಗೆ ಓಡ್ತಾ ಇರುತ್ತೆ. ದಿನವೆಲ್ಲ ಕುರ್ಚಿಗೆ ಅಂಟಿಕೊಂಡಿರೋರಿಗೆ ಅರ್ಧವೂ ತುಂಬಲ್ಲ."

"ನಿಮ್ಮಣ್ಣ ಓಡಾಡೋ ಮನುಷ್ಯ."

"ಬುಗುರಿ, ಮೇಡಂ. ಕೂತಲ್ಲಿ ಕೂರ್ತಿರಲಿಲ್ಲ."

"ಅಂದರೆ ಭಾನುವಾರವೂ ಓಡಾಡಿದ್ದಾರೆ. ಕೈ ಬೀಸಿ."

"ಇಲ್ಲದಿದ್ದರೆ ವಾಚು ಹೇಗೆ..."

"ಯಾವ ಕೈ?"

ತಮ್ಮನ ಮುಂಗೈ ಗಾಳಿಯಲ್ಲಿ ಅರ್ಧ ತಿರುಗಿ ನಿಂತಿತು.

ಇನ್ಸ್‌ಪೆಕ್ಟರ್ ದನಿ ಏರಿಸಲಿಲ್ಲ. "ಎಡಗೈ ಎದೆಗೆ ಕಟ್ಟಿತ್ತು. ಅಲ್ಲಾಡೋ ಹಾಗಿರಲಿಲ್ಲ. ಬಲಗೈ ಹೆಬ್ಬೆರಳು ಮಡಚ್ತಿರಲಿಲ್ಲ, ಕೀ ಹಿಡಿಯೋಕೆ ಆಗ್ತಿರಲಿಲ್ಲ. ನಿಮ್ಮತ್ತಿಗೆ ಕೊಟ್ಟಿದ್ದು ನಾಲ್ಕಾರು ಸುತ್ತು. ಅದು ಭಾನುವಾರದೊಳಗೆ ಮುಗಿದಿರಬೇಕು. ಆದರೂ ವಾಚು ಮಂಗಳವಾರ ಮಧ್ಯಾಹ್ನದವರೆಗೆ ಓಡಿತು. ಅದೂ ಹತ್ತು ನಿಮಿಷ ಮುಂದೆ ಇಲ್ಲದೆ, ಸರಿಯಾದ ಸಮಯಕ್ಕೆ."

"ಮತ್ತೆ... ಅತ್ತಿಗೆಯೇ ಬಂದು..."

"ಅತ್ತಿಗೆ ಮುಳ್ಳು ಕೂರಿಸಿದ್ದರೆ ಅಭ್ಯಾಸಬಲದಿಂದ ಹತ್ತು ನಿಮಿಷ ಮುಂದೆ ಕೂರಿಸ್ತಿದ್ದರು. ಸೋಮವಾರ ವಾಚಿನ ಮಾತು ಎತ್ತಿದ್ದು ನೀವು. ನಾವು ಯಾರೂ ಕೇಳಿರಲಿಲ್ಲ. ಹೋಟೆಲಲ್ಲಿ ಕಾರು ನಿಲ್ಲಿಸಿಕೊಡೋ ಹುಡುಗ ಇರ್ತಾನಲ್ಲ, ಅವನನ್ನ ಕೇಳೋಣವಾ, ಭಾನುವಾರ ರಾತ್ರಿ ನಿಮ್ಮ ಕಾರು ಅಲ್ಲೇ ಇತ್ತಾ ಅಂತ?"

ಹೋಟೆಲಿನಲ್ಲಿ ಅಂಥ ಹುಡುಗ ಇದ್ದಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ದಫೇದಾರ ಮಾತ್ರ ಆ ಹುಡುಗನ ಮನೆ ವಿಳಾಸವೇ ಜೇಬಲ್ಲಿರುವವನಂತೆ ಮುಖ ಮಾಡಿಕೊಂಡು ನಿಂತ.

ತಮ್ಮ ಕುರ್ಚಿಯ ಮೇಲೆ ಕುಸಿದ.

"ಕೀ ಕೊಟ್ಟಿದ್ದು ನಾನೇ," ಎಂದ. "ಕೊಂದಿದ್ದು ನಾನಲ್ಲ."

"ಹೇಳಿ."

"ಶನಿವಾರ ಮಧ್ಯಾಹ್ನ ಅಣ್ಣನ ಹತ್ತಿರ ಜಗಳ ಆಡಿದ್ದೆ. ಈ ಹಳೇ ಶೆಡ್ಡು ಕೆಡವಿ ಊರಾಚೆ ಹೊಸದು ಕಟ್ಟೋಣ ಅಂತ ನಾನು, ನನ್ನ ಹೆಣ ಬಿದ್ದ ಮೇಲೆ ಕಟ್ಟು ಅಂತ ಅವನು. ಕೆಲಸದೋರೆಲ್ಲ ಕೇಳಿಸಿಕೊಂಡರು. ಸಿಟ್ಟಿನಲ್ಲಿ ಹೊರಟುಹೋದೆ. ಮಾರನೇ ದಿನ ಮಗಳು ಗೆದ್ದಳು. ಅಣ್ಣನಿಗೆ ಹೇಳೋಣ ಅಂತ ಎಷ್ಟು ಸಲ ಫೋನು ಮಾಡಿದರೂ ಆಫ್. ಅವಳನ್ನ ಎತ್ತಿ ಆಡಿಸಿದವನು ಅವನು. ಮನಸ್ಸು ತಡೀಲಿಲ್ಲ. ಹೆಂಡತಿ ಮಗಳು ಮಲಗಿದ ಮೇಲೆ ಕಾರು ತಗೊಂಡು ಬಂದೆ. ಬಂದು ನೋಡಿದರೆ ಅಲ್ಲಿ..." ಮೆಟ್ಟಿಲ ಕಡೆ ಕೈ ತೋರಿಸಲು ಹೋಗಿ ಕೈ ಇಳಿಸಿದ. "ಯಾವಾಗಲೋ ಹೋಗಿಬಿಟ್ಟಿದ್ದ ಮೇಡಂ."

"ಆಗ ನಮಗೆ ಫೋನು ಮಾಡೋದು ಬಿಟ್ಟು ವಾಚಿಗೆ ಕೀ ಕೊಟ್ರಿ."

"ವಾಚು ನಿಂತಿತ್ತು. ಅದನ್ನ ನೋಡ್ತಿದ್ದ ಹಾಗೆ ತಲೆಗೆ ಬಂತು, ಶನಿವಾರ ಸತ್ತ ಅಂತಾದರೆ ಆವತ್ತು ಜಗಳ ಆಡಿದವನು ನಾನೇ. ಓಡ್ತಾ ಇದ್ದರೆ ಭಾನುವಾರ ಅಂತಾಗುತ್ತೆ. ಭಾನುವಾರ ನಾನು ಸಾವಿರ ಜನರ ಮಧ್ಯೆ ಈಜುಕೊಳದ ಪಕ್ಕ ಕೂತಿದ್ದೆ."

"ಮತ್ತೆ ಆ ಭಾನುವಾರ ಅತ್ತಿಗೆಯ ಕುತ್ತಿಗೆಗೆ ಬರುತ್ತೆ ಅಂತ ಹೊಳೆಯಲಿಲ್ಲ?"

ಅವನು ಮುಖ ಮುಚ್ಚಿಕೊಂಡ. "ಹೊಳೆಯಿತು. ಸೋಮವಾರ ಸಂಜೆ. ಅಷ್ಟೊತ್ತಿಗೆ ಹೇಳಿಯಾಗಿತ್ತು."

ಇನ್ಸ್‌ಪೆಕ್ಟರಿಗೆ ಹೇವರಿಕೆಯಾಯಿತು. ಆದರೂ ನಂಬಿಕೆ ಬಂತು. ಸುಳ್ಳು ಹೇಳುವವನು ತನ್ನನ್ನು ಇಷ್ಟು ಸಣ್ಣವನನ್ನಾಗಿ ಮಾಡಿಕೊಳ್ಳುವುದಿಲ್ಲ. ಅಲ್ಲದೆ ಭಾನುವಾರ ಎಂಬುದೇ ಅಳಿಸಿಹೋದ ಮೇಲೆ ಆ ಹೆಂಗಸಿನ ವಿರುದ್ಧ ಉಳಿದದ್ದೇನೂ ಇಲ್ಲ. ಮೇಲಧಿಕಾರಿಗೆ ಈಗಲೇ ಹೇಳಬೇಕು.

"ಎಲ್ಲ ಬರೆದುಕೊಡಬೇಕಾಗುತ್ತೆ," ಎಂದಳು. "ಕೀ ಹೇಗೆ ಕೊಟ್ರಿ? ಎಡಗೈ ಪಟ್ಟಿಯೊಳಗೇ ಇತ್ತಾ, ಹೊರಗೆ ತೆಗೆದ್ರಾ?"

"ಪಟ್ಟಿ ಮುಟ್ಟಲಿಲ್ಲ. ವಾಚು ಬಿಚ್ಚಿ ಕೀ ಕೊಟ್ಟು, ಆಮೇಲೆ ಎಡಗೈಗೆ ಕಟ್ಟಿದೆ."

"ಬಿಚ್ಚಿ, ಮತ್ತೆ ಎಡಗೈಗೇ ಕಟ್ಟಿದ್ರಿ."

"ಮತ್ತೆ ಅಲ್ಲ ಮೇಡಂ." ಅವನು ಮುಖದಿಂದ ಕೈ ತೆಗೆದ. "ನಾನು ನೋಡಿದಾಗ ವಾಚು ಬಲಗೈಯಲ್ಲಿತ್ತು. ಅಣ್ಣ ಯಾವತ್ತೂ ಬಲಗೈಗೆ ಕಟ್ಟಿದವನಲ್ಲ. ನೋಡಿದೋರಿಗೆ ಅನುಮಾನ ಬರುತ್ತೆ ಅಂತ ಎಡಗೈಗೆ ಹಾಕಿದೆ."

ದಫೇದಾರ ಬರೆಯುವುದನ್ನು ನಿಲ್ಲಿಸಿದ.

"ಶನಿವಾರ ಜಗಳದ ಹೊತ್ತಿಗೆ?"

"ಎಡಗೈಯಲ್ಲೇ ಇತ್ತು. ಪಟ್ಟಿಯಿಂದ ಇಣುಕ್ತಿತ್ತು. ಕಣ್ಣಾರೆ ನೋಡಿದ್ದೀನಿ."

ಇನ್ಸ್‌ಪೆಕ್ಟರ್ ಎದ್ದು ಎರಡು ಹಾಸುಗಳ ನಡುವೆ ಹೋಗಿ ನಿಂತಳು. ವಾಚನ್ನು ಆಡುವ ಕೈಗೆ ಬದಲಾಯಿಸಿದರೆ ಅದು ನಡುವೆ ನಿಲ್ಲುವುದಿಲ್ಲ. ದಿನಾ ನಿಲ್ಲುವ ವಾಚಿಗೆ ಅಷ್ಟು ಸರಳವಾದ ಉಪಾಯ. ಆದರೆ ಬದಲಾಯಿಸುವವರು ಯಾರು? ತಾನೇ ಎಡಗೈಯನ್ನು ಎದೆಗೆ ಒತ್ತಿ ಹಿಡಿದು ನೋಡಿದಳು. ಬಲ ಮುಂಗೈಯ ಮೇಲೆ ಬಕಲ್ ಹಾಕಲು ಎಡಗೈ ಬೇಕು. ಮಾಲೀಕನ ಎಡಗೈ ಕಟ್ಟಿತ್ತು.

ತಮ್ಮ ಹೋದ ಮೇಲೆ ಶನಿವಾರ ಯಾರೋ ಅವನ ಕೈ ಹಿಡಿದಿದ್ದಾರೆ. ಜಗಳವಾಡಿ ಅಲ್ಲ. ಹತ್ತಿರ ನಿಂತು, ಅವನ ವಾಚು ಬಿಚ್ಚಿ, ಇನ್ನೊಂದು ಕೈಗೆ ಕಟ್ಟಿಕೊಟ್ಟಿದ್ದಾರೆ.

"ಕೆಲಸದವರು ಯಾರಾದರೂ ಹಾಗೆ ಕಟ್ಟಿಕೊಡ್ತಿದ್ರಾ?"

"ಅಣ್ಣ ಕೆಲಸದೋರ ಕೈಲಿ ಚಪ್ಪಲಿ ಕೂಡ ತರಿಸ್ತಿರಲಿಲ್ಲ ಮೇಡಂ. ಆಪರೇಷನ್ ಆದ ಮೇಲೆ ನಾನು ಅಂಗಿ ಸರಿಮಾಡೋಕೆ ಹೋದರೂ ಕೈ ತಳ್ಳಿಬಿಡ್ತಿದ್ದ."

ಅವಳು ಫೋನು ತೆಗೆದಳು. ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಫೋನು ರಿಂಗಾದೊಡನೆ ಅದು ನಿಂತಿತು.

"ಹೇಳಿ," ಎಂದಳು ಮಾಲೀಕನ ಹೆಂಡತಿ.

"ಒಂದು ಸಣ್ಣ ವಿಷಯ ಕೇಳೋದು ಮರೆತಿದ್ದೆ. ಶನಿವಾರ ವಾಚನ್ನ ಅವರ ಯಾವ ಕೈಗೆ ಕಟ್ಟಿದ್ರಿ?"

"ಎಡಗೈಗೆ," ಉತ್ತರ ತಕ್ಷಣ ಬಂತು.

ಇನ್ಸ್‌ಪೆಕ್ಟರ್ ಕಾದಳು.

"ಬೆಳಗ್ಗೆ ಮಾತ್ರ," ಎಂದಳು ಆ ಹೆಂಗಸು, ಮತ್ತು ಫೋನಿಟ್ಟುಬಿಟ್ಟಳು.